ಪರದೇಶದಲ್ಲಿ ಸೇವೆ: ಯಶಸ್ಸಿನ ಅಳತೆಗೋಲು ಯಾವುದು?

ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಾಳ್ಳುಪೇಟೆಯೆಂಬ ಸಣ್ಣ ಪೇಟೆಯೊಂದಿದೆ. ಬಯಲುಸೀಮೆಯು ಹಿಂದುಳಿದು ಮಲೆನಾಡಿನ ತಂಪುಗಾಳಿಯು ಮುಖಕ್ಕೆ ಸೋಕಲಾರಂಭಿಸುವುದು ಇಲ್ಲಿಯೇ. ಸುತ್ತಣ ಗ್ರಾಮಗಳ ಕಾಫಿ, ಮೆಣಸು, ಏಲಕ್ಕಿ, ಭತ್ತ ಇವುಗಳ ಧಾರಣೆಯೇ ಬಹುಕಾಲದಿಂದ ಅಲ್ಲಿಯ ಜನರ ಮಾತಿಗೆ ಮುಖ್ಯ ವಿಷಯವಾಗಿರುವುದು. ಈಚಿನ ದಿವಸಗಳಲ್ಲಿ ಇದರ ಜೊತೆಗೆ ಇನ್ನೊಂದು ಧಾರಣೆಯೂ ಸೇರಿಕೊಂಡಿದೆ. ಅದು ಪರದೇಶಕ್ಕೆ ಹೋದ ಮಕ್ಕಳ ಸಂಬಳದ ಧಾರಣೆ. ರಜೆಯಲ್ಲಿ ಊರಿಗೆ ಬಂದ ಹುಡುಗನನ್ನು ಹಿರಿಯರು ಜಗಲಿಯ ಮೇಲೆ ಕುಳ್ಳಿರಿಸಿಕೊಂಡು, “ಚೆನ್ನಾಗಿದ್ದೀಯೇನಪ್ಪಾ?” ಎಂದು ಮೊದಲು ಕೇಳುವರು. “ತಿಂಗಳಿಗೆ ಎಷ್ಟು ಸಿಕ್ಕುತ್ತೆ?” ಎಂಬುದು ಎರಡನೆಯ ಪ್ರಶ್ನೆ. ಮೂರನೆಯ ಪ್ರಶ್ನೆಯೇ ಇರುವುದಿಲ್ಲ. ಎರಡನೆಯದಕ್ಕೆ ಬಂದ ಉತ್ತರದ ಮೇಲೆಯೇ ಅವನು ಗೆದ್ದನೋ ಸೋತನೋ ಎಂಬ ತೀರ್ಪು ಆಗಿಹೋಗಿರುವುದು.

ಅಂಥ ಒಬ್ಬ ಹುಡುಗನು, “ನಾನು ಆಫ್ರಿಕಾ ಖಂಡದ ಒಂದು ಊರಿನ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗಿದ್ದೇನೆ, ಊಟ ವಸತಿಗೆ ಸಾಕಾಗುವಷ್ಟು ಮಾತ್ರ ಕೊಡುತ್ತಾರೆ” ಎಂದು ಹೇಳಿದನೆಂದು ಭಾವಿಸೋಣ. ಜಗಲಿಯಲ್ಲಿ ಮೌನ ಆವರಿಸುವುದು ನಿಶ್ಚಯ. ಆ ಮೌನದಲ್ಲಿ ಕನಿಕರವಿರುವುದು, ಸ್ವಲ್ಪ ಅನುಮಾನವೂ ಇರುವುದು. ಈ ಮೌನವು ನ್ಯಾಯವಾದುದೇ ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶವಾಗಿದೆ.

ಈ ಪ್ರಶ್ನೆಯು ಕನ್ನಡಿಗರಿಗೆ ಹೊಸದಲ್ಲ. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು ಕಲ್ಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, 1913ರಲ್ಲಿ ಅಮೆರಿಕೆಗೆ ಹೋದರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ 1916ರಲ್ಲಿ ಪದವಿಯನ್ನೂ ಪಡೆದರು. ಅಲ್ಲಿಂದ ಮುಂದೆ ಅವರು ಸ್ವಂತ ಅಭ್ಯುದಯದ ಮಾರ್ಗವನ್ನೇ ಹಿಡಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಆಗ ಲಾಲಾ ಲಜಪತರಾಯರು ಅಮೆರಿಕೆಯಲ್ಲಿದ್ದರು. 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಇಂಡಿಯಾ ಹೋಂರೂಲ್ ಲೀಗಿಗೂ, ಮರುವರ್ಷ ಆರಂಭವಾದ ‘ಯಂಗ್ ಇಂಡಿಯಾ’ ಪತ್ರಿಕೆಗೂ ಹರ್ಡೀಕರರು ದುಡಿಯತೊಡಗಿದರು. ಭಾರತದ ಹೆಸರನ್ನು ಮಾತ್ರ ಕೇಳಿದ್ದ ಜನರ ಮುಂದೆ ನಿಂತು, ಆ ದೇಶದ ಸ್ಥಿತಿಯೇನು, ಅದು ಏಕೆ ಸ್ವರಾಜ್ಯವನ್ನು ಕೇಳುತ್ತಿದೆ ಎಂಬುದನ್ನು ವಿವರಿಸುವುದೇ ಆ ಕಾರ್ಯವಾಗಿತ್ತು.

ಲೌಕಿಕದ ಲೆಕ್ಕದಲ್ಲಿ ಇದರ ಫಲವೇನು? ಪತ್ರಿಕೆಯು ಮೂರು ವರ್ಷಗಳಲ್ಲಿ ನಿಂತುಹೋಯಿತು. ಲೀಗು ಬಹುಕಾಲ ಬಾಳಲಿಲ್ಲ. 1921ರಲ್ಲಿ ಹರ್ಡೀಕರರು ಸ್ವದೇಶಕ್ಕೆ ಮರಳಿದಾಗ ದೇಶವು ಇನ್ನೂ ಪರತಂತ್ರವಾಗಿಯೇ ಇತ್ತು. ಬರಿಯ ಜಮಾಖರ್ಚಿನ ಪುಸ್ತಕವನ್ನು ನೋಡುವವನು ಆ ವರ್ಷಗಳನ್ನು ನಷ್ಟದ ಕಡೆಗೇ ಬರೆದಾನು.

ಆದರೆ ನಡೆದುದೇ ಬೇರೆ. ಪರದೇಶದಲ್ಲಿ ಕಲಿತ ಸಂಘಟನೆಯ ಶಿಸ್ತನ್ನು ಅವರು ಹುಬ್ಬಳ್ಳಿಯ ತರುಣರಿಗೆ ಧಾರೆಯೆರೆದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅನೇಕರು ಕಾರಾಗೃಹದ ಕಷ್ಟವನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟರೂ, ಹರ್ಡೀಕರರೊಡನೆ ಹೋಗಿದ್ದ ಹುಬ್ಬಳ್ಳಿ ಸೇವಾ ಮಂಡಲದ ಸ್ವಯಂಸೇವಕರು ಹಾಗೆ ಮಾಡಲಿಲ್ಲ. ದೇಶದ ಮುಖಂಡರ ದೃಷ್ಟಿಯು ಅವರ ಮೇಲೆ ಬಿದ್ದಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಗೆ ನಿಶ್ಚಯವಾಯಿತು. ಜವಾಹರಲಾಲ ನೆಹರೂ ಅವರು ಅದರ ಅಧ್ಯಕ್ಷರಾದರೆ, ಅದನ್ನು ಕಟ್ಟುವ ಭಾರವು ಹರ್ಡೀಕರರ ಹೆಗಲಿಗೆ ಬಂದಿತು. ಮಿಷಿಗನ್ನಿನಲ್ಲಿ ಕಲಿತ ಆರೋಗ್ಯಶಾಸ್ತ್ರವೂ ವ್ಯರ್ಥವಾಗಲಿಲ್ಲ. 1929ರಲ್ಲಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವು ಅವರ ಮತ್ತು ಅವರ ಸಹಚರರ ಪ್ರಯತ್ನದಿಂದ ತಲೆಯೆತ್ತಿತು.

ಸೇವಾದಳದ ಮಹಿಳಾ ವಿಭಾಗವನ್ನು ನಡೆಸಿದ ಉಮಾಬಾಯಿ ಕುಂದಾಪುರ ಅವರನ್ನೂ ಇಲ್ಲಿ ನೆನೆಯದಿರಲಾಗದು. 1924ರ ಬೆಳಗಾವಿ ಅಧಿವೇಶನಕ್ಕೆ ಊರೂರು ತಿರುಗಿ ಸ್ವಯಂಸೇವಿಕೆಯರನ್ನು ಕೂಡಿಸಿದ ಆ ಮಹಿಳೆಯು, ಸ್ವಾತಂತ್ರ್ಯ ಬಂದ ಮೇಲೆ ತಮ್ಮನ್ನು ಅರಸಿ ಬಂದ ಗೌರವಗಳನ್ನೂ ಒಲ್ಲೆನೆಂದು, ಹುಬ್ಬಳ್ಳಿಯ ಒಂದು ಸಣ್ಣ ಮನೆಯಲ್ಲಿ ಬಾಳಿದರು. ಕೊಟ್ಟುದನ್ನು ಮರೆಯುವುದೂ ಕೊಡುವ ಧರ್ಮದ ಒಂದು ಅಂಗವೇ.

ಹರ್ಡೀಕರರು ಮರಳಿ ಬಂದರು. ಮರಳದೆ ಉಳಿದವರೂ ಇರುವರು. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲಸಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು, 1938ರಲ್ಲಿ ಕಾಂಗ್ರೆಸ್ಸು ಚೀನಾ ದೇಶಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರು. ಯುದ್ಧದ ಗಾಯಾಳುಗಳ ಶುಶ್ರೂಷೆಯಲ್ಲಿಯೇ ದಣಿದು, 1942ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಮನೆಗೆ ಹಣ ತರಲಿಲ್ಲ, ತಾವೂ ಬರಲಿಲ್ಲ. ಆದರೂ ಅವರನ್ನು ಸೋತವರೆಂದು ಕರೆಯಲು ಯಾರ ನಾಲಿಗೆ ತಾನೇ ಏಳುವುದು?

ಇಲ್ಲಿ ಎರಡು ಆಕ್ಷೇಪಣೆಗಳು ಸಹಜವಾಗಿಯೇ ಏಳುವುವು. ಸಾಲದ ಭಾರವನ್ನು ಹೊತ್ತ ಮನೆಯ ಮಗನಿಗೆ ಸೇವೆಯ ಉಪದೇಶವು ಏಕೆಂಬುದು ಮೊದಲನೆಯದು. ಇದು ಯಥಾರ್ಥವಾದ ಮಾತು. ಮಳೆಯು ಹೂವನ್ನು ಕೆಡಿಸಿದ ವರ್ಷ ಸಣ್ಣ ಹಿಡುವಳಿಯವನ ಮನೆಯಲ್ಲಿ ಪಡುವ ಪಾಡನ್ನು ಬಲ್ಲವರು, ತಂದೆಯ ಸಾಲವನ್ನು ತೀರಿಸಲು ದುಡಿಯುವ ಮಗನನ್ನು ಹಳಿಯಲಾರರು. ಅವನು ಮಾಡುತ್ತಿರುವುದೂ ಕೊಡುವ ಕೆಲಸವೇ. ನಮ್ಮ ಮಾತು ಸಂಪಾದನೆಯನ್ನು ಕುರಿತು ಅಲ್ಲ. ಸಂಪಾದನೆಯೊಂದೇ ಅಳತೆಗೋಲಾಗಿರುವುದನ್ನು ಕುರಿತು.

ನಮ್ಮ ಮಲೆನಾಡಿನಲ್ಲಿಯೇ ಮಾಡಬೇಕಾದ ಕೆಲಸವು ಬೆಟ್ಟದಷ್ಟಿರುವಾಗ ಪರದೇಶದಲ್ಲಿ ಸೇವೆಯೇಕೆ ಎಂಬುದು ಎರಡನೆಯದು. ಇದಕ್ಕೆ ಮಲೆನಾಡಿನ ನೆಲವೇ ಉತ್ತರ ಕೊಡುವುದು. 1908ರಲ್ಲಿ ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಗಳು ಮೈಸೂರು ಸಂಸ್ಥಾನಕ್ಕೆ ಬಂದು, ಅಡಿಕೆಯ ಕೊಳೆರೋಗಕ್ಕೆ ಪರಿಹಾರವನ್ನು ಶೋಧಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕೇಂದ್ರವು ಅವರ ಕಾಲದಲ್ಲಿಯೇ ಸ್ಥಾಪಿತವಾಯಿತು. ಅವರು ಸಂಬಳ ಪಡೆದ ಅಧಿಕಾರಿಗಳೇ ಹೊರತು ಸ್ವಯಂಸೇವಕರಲ್ಲ, ನಿಜ. ಆದರೂ ಇಂದು ಅವರ ಸಂಬಳವೆಷ್ಟೆಂದು ಯಾರೂ ಕೇಳರು. ಅವರು ಬಿಟ್ಟುಹೋದುದನ್ನು ತೋಟದವರು ಅನುಭವಿಸುತ್ತಿರುವರು. ದೂರದವರ ಬುದ್ಧಿಯಿಂದ ಉಪಕೃತವಾದ ಸೀಮೆಯು ತನ್ನ ಮಕ್ಕಳ ಬುದ್ಧಿಯನ್ನು ದೂರದವರಿಗೆ ಕೊಡಲು ಹಿಂಜರಿಯಬಾರದು.

ಹಾಗೆಂದು ಪರದೇಶಕ್ಕೆ ಹೋಗಿ ಸಂಬಳವಿಲ್ಲದೆ ದುಡಿದುದೆಲ್ಲವೂ ಸೇವೆಯಾಗದು. ತಾನು ಉದ್ಧಾರಕನೆಂದು ಹೋದವನು ಅಲ್ಲಿಯ ಜನರಿಗೆ ಭಾರವಾಗುವುದೇ ಹೆಚ್ಚು. ನಾಲ್ಕು ದಿನ ಇದ್ದು, ಹತ್ತು ಚಿತ್ರಗಳನ್ನು ತೆಗೆಯಿಸಿಕೊಂಡು ಬರುವುದು ಪ್ರವಾಸವೆನಿಸಬಹುದು. 1970ರಲ್ಲಿ ವಿಶ್ವಸಂಸ್ಥೆಯು ಸ್ಥಾಪಿಸಿದ ಸ್ವಯಂಸೇವಕ ವ್ಯವಸ್ಥೆಯಲ್ಲಿ ಸಂಬಳದ ಬದಲು ಜೀವನಭತ್ಯೆಯನ್ನು ಮಾತ್ರ ಕೊಡುವರು. ಅಲ್ಲಿಗೆ ಹೋಗುವವನಿಗಾಗಲಿ, ಬೇರೆಡೆಗೆ ಹೋಗುವವನಿಗಾಗಲಿ ಪರೀಕ್ಷೆಯು ಒಂದೇ: ತಾನು ಹೊರಟುಬಂದ ಮೇಲೆ ಆ ಕೆಲಸವು ನಡೆಯುತ್ತಿದೆಯೇ? ಅಲ್ಲಿಯವರಲ್ಲಿ ಒಬ್ಬರಾದರೂ ಅದನ್ನು ತನ್ನಿಂದ ಕಲಿತಿರುವರೇ? ತಾನೂ ಅವರಿಂದ ಏನನ್ನಾದರೂ ಕಲಿತು ತಂದಿರುವೆನೇ? ಕಾಫಿ ಗಿಡಕ್ಕೆ ನೆರಳಿನ ಮರವನ್ನು ನೆಡುವವನು ಅದರ ಫಲವನ್ನು ಮರದ ಮೇಲೆ ಹುಡುಕುವುದಿಲ್ಲ, ಕೆಳಗಿನ ಗಿಡದಲ್ಲಿ ನೋಡುವನು.

ಈ ಅಳತೆಗೋಲು ಒಮ್ಮೆ ಕೈಗೆ ಬಂದರೆ ಊರಿನಲ್ಲಿಯೇ ಇರುವವರ ಬೆಲೆಯೂ ಕಣ್ಣಿಗೆ ಬೀಳುವುದು. ಆಲೂರು ಸಕಲೇಶಪುರದ ಸೀಮೆಯಲ್ಲಿ ಕಾಡಾನೆಗಳ ಹಾವಳಿಯು ಎಲ್ಲರೂ ಅರಿತುದೇ. ಆನೆಯು ಯಾವ ತೋಟದಲ್ಲಿದೆಯೆಂಬುದನ್ನು ನಸುಕಿನಲ್ಲಿ ಎದ್ದು ಮೊಬೈಲಿನ ಮೂಲಕ ನೆರೆಯವರಿಗೂ ಕೂಲಿಯಾಳುಗಳಿಗೂ ತಿಳಿಸುವ ಯುವಕನಿಗೆ ಯಾವ ಸಂಬಳವಿದೆ? ಅವನ ಒಂದು ಮಾತಿನಿಂದ ಒಂದು ಜೀವವುಳಿದರೆ ಅದನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಬಾಳ್ಳುಪೇಟೆಯ ಹಿರಿಯರಲ್ಲಿಯೂ, ಅವರಂತೆಯೇ ಇರುವ ನಮ್ಮೆಲ್ಲ ಪಟ್ಟಣಗಳ ಗೃಹಸ್ಥರಲ್ಲಿಯೂ, ಅಧಿಕಾರಿ ಮಹಾಶಯರಲ್ಲಿಯೂ ನಮ್ಮ ಬಿನ್ನಹವು ಇಷ್ಟೇ. ಮೊದಲ ಪ್ರಶ್ನೆಯನ್ನು ಬಿಡಬೇಡಿರಿ, ಅದು ಪ್ರೀತಿಯಿಂದ ಹುಟ್ಟಿದುದು. ಎರಡನೆಯದನ್ನೂ ಬೇಕಾದರೆ ಕೇಳಿರಿ. ಆದರೆ ಹುಡುಗನು ಜಗಲಿಯಿಂದ ಏಳುವ ಮುನ್ನ, “ಅಲ್ಲಿ ಯಾರಿಗೆ ಏನು ಮಾಡಿ ಬಂದೆಯಪ್ಪಾ?” ಎಂಬ ಮೂರನೆಯ ಪ್ರಶ್ನೆಯನ್ನೂ ಕೇಳಿರಿ. ನಾವು ಕೇಳುವ ಪ್ರಶ್ನೆಗೆ ತಕ್ಕ ಉತ್ತರವನ್ನು ಸಿದ್ಧಮಾಡಿಕೊಳ್ಳುತ್ತಲೇ ನಮ್ಮ ಮಕ್ಕಳು ಬೆಳೆಯುವರು.