ಬಾಡಿಗೆದಾರ ಹೋದ, ಸಾಮಾನು ಉಳೀತು!

"ಅಣ್ಣಾ, ಕಂಪ್ಯೂಟರ್ ಭಾಳ ನಿಧಾನ ಆಗ್ಯಾದ. ಬ್ಯಾಡಾದ್ದೆಲ್ಲ ತೆಗೆದು ಒಗೀರಿ."

ಬೀದರ ನಗರವಿರಲಿ, ಭಾಲ್ಕಿಯಿರಲಿ, ಔರಾದವಿರಲಿ, ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಈ ಮಾತು ಹೊಸದಲ್ಲ. ಗಿರಾಕಿಯ ಲೆಕ್ಕದಲ್ಲಿ ಇದು ಕಸ ಗುಡಿಸಿದಷ್ಟೇ ಸುಲಭ. ಅಸಲಿ ಸಂಗತಿಯೇ ಬೇರೆ.

ಪರದೆಯ ಮೇಲಿನ ಚಿತ್ರ ಅಳಿಸಿದರೆ ಸಾಫ್ಟ್‌ವೇರ್ ಹೋಗುವುದಿಲ್ಲ. ಅಂಗಡಿಯ ಬೋರ್ಡು ಕಿತ್ತಂತಾಯಿತು, ಅಷ್ಟೆ. ಬಾಡಿಗೆದಾರ ಒಳಗೇ ಇರುತ್ತಾನೆ. ವಿಂಡೋಸ್ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ತನ್ನ ಫೈಲುಗಳನ್ನು ಒಂದೆಡೆ ಇಟ್ಟು, 'ರಿಜಿಸ್ಟ್ರಿ' ಎಂಬ ದಫ್ತರದಲ್ಲಿ ಹೆಸರು ಬರೆಸುತ್ತದೆ. ಅದನ್ನು ಖಾಲಿ ಮಾಡಿಸಲು 1995ರ ವಿಂಡೋಸ್ 95ರ ಕಂಟ್ರೋಲ್ ಪ್ಯಾನೆಲಿನಲ್ಲೇ ಏರ್ಪಾಡಿತ್ತು. ಆದರೆ ಖಾಲಿ ಮಾಡುವ ಕೆಲಸ ಆ ಸಾಫ್ಟ್‌ವೇರ್ ತಯಾರಿಸಿದವರೇ ಬರೆದ ಅನ್‌ಇನ್‌ಸ್ಟಾಲರಿನದು. ಅವರು ಮರೆತದ್ದು ಅಲ್ಲೇ ಉಳಿಯುತ್ತದೆ.

ಆ ಉಳಿಕೆ ಹುಡುಕಲೆಂದೇ ರೆವೊ ಅನ್‌ಇನ್‌ಸ್ಟಾಲರಿನಂಥವು ಬಂದವು. ಮೊದಲು ಮೂಲ ಅನ್‌ಇನ್‌ಸ್ಟಾಲರನ್ನು ನಡೆಸಿ, ಬಳಿಕ ಉಳಿದ ಫೈಲು, ದಫ್ತರದ ನಮೂದುಗಳ ಪಟ್ಟಿ ಕೊಡುತ್ತವೆ.

ತೊಡಕು ಇರುವುದೇ ಇಲ್ಲಿ. ಯಾವುದು ಯಾರ ಸಾಮಾನು? ಹೆಸರು, ಜಾಗ ನೋಡಿ ಅಂದಾಜು ಮಾಡಬೇಕು. ಎರಡು ಸಾಫ್ಟ್‌ವೇರ್ ಹಂಚಿಕೊಂಡ ಫೈಲು ಅಳಿಸಿದರೆ ಉಳಿದದ್ದೂ ಕುಂಟುತ್ತದೆ. ಖುದ್ದು ಮೈಕ್ರೋಸಾಫ್ಟ್ ಕಂಪನಿಗೇ ಇದು ಬಿಡಲಿಲ್ಲ. ಅದು ಕೊಟ್ಟಿದ್ದ 'ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್' ಬೇರೆ ಸಾಫ್ಟ್‌ವೇರಿಗೂ ಪೆಟ್ಟು ಕೊಡುತ್ತಿತ್ತು. 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಮೇಲಾಗಿ ವಿಂಡೋಸ್ ಬದಲಾದಂತೆಲ್ಲ ಇಂಥ ಸಾಧನವನ್ನೂ ತಿದ್ದಬೇಕು. ಒಮ್ಮೆ ಬರೆದು ಕೈತೊಳೆದುಕೊಳ್ಳುವ ಕೆಲಸವಲ್ಲ ಇದು.

ಡಿಟಿಪಿ ಅಂಗಡಿಯವರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಅಕ್ಷರಗಳಲ್ಲಿ ಟೈಪಾದ ಲಗ್ನಪತ್ರಿಕೆ, ಕರಾರುಪತ್ರಗಳು ಎಷ್ಟೋ ಇವೆ. ಸ್ವಚ್ಛ ಮಾಡುವ ಭರದಲ್ಲಿ ಆ ಫಾಂಟುಗಳೂ ಹೋದರೆ, ಫೈಲು ತೆರೆದಾಗ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಫೈಲು ಕೆಟ್ಟಿಲ್ಲ, ಫಾಂಟು ಮತ್ತೆ ಹಾಕಿದರೆ ಸರಿಯಾದೀತು. ಅದು ಗೊತ್ತಿಲ್ಲದವರು ಫೈಲನ್ನೇ ಅಳಿಸಿಬಿಟ್ಟರೆ ಮುಗಿಯಿತು ಕಥೆ.

ನಮ್ಮ ಬಿದರಿ ಕಸುಬುದಾರರನ್ನು ನೋಡಿ. ಕೋಟೆಯ ಮಣ್ಣು, ನವಸಾಗರ ಬೆರೆಸಿದ ದ್ರಾವಣ ಸತುವಿನ ಮಿಶ್ರಲೋಹವನ್ನು ಕಪ್ಪಗೆ ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಒಳ್ಳೆಯ ಅನ್‌ಇನ್‌ಸ್ಟಾಲರ್ ಮಾಡಬೇಕಾದ್ದೂ ಅದನ್ನೇ. ಅಳಿಸುವುದಕ್ಕಿಂತ ಏನನ್ನು ಮುಟ್ಟಬಾರದು ಎಂದು ತಿಳಿಯುವುದೇ ದೊಡ್ಡದು.

ಆದ್ದರಿಂದ ವ್ಯಾಪಾರಸ್ಥರು ಮೊದಲು ಖಾತೆ-ಕಿರ್ದಿಯ ಫೈಲುಗಳನ್ನೂ ಫಾಂಟುಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲಿ. ರಿಪೇರಿಯವರು ವಿಂಡೋಸ್‌ನ 'ರಿಸ್ಟೋರ್ ಪಾಯಿಂಟ್' ಇಟ್ಟೇ ಕೈ ಹಾಕಲಿ. ಪಟ್ಟಿ ಬಂದಾಗ ಓದದೆ ಎಲ್ಲಕ್ಕೂ ಟಿಕ್ ಹಾಕುವುದು ಬೇಡ.

"ಬ್ಯಾಡಾದ್ದೆಲ್ಲ ತೆಗೀರಿ" ಅನ್ನೋದು ಸಲೀಸು. ಬೇಕಾದ್ದು ಯಾವುದಂತ ಮೊದಲು ಹೇಳ್ರಿ, ಸಾವ್ಕಾರ್ರೇ!