ಹಾಲಿನ ಲೋಟದಲ್ಲಿ ಬಾಚಿಹಲ್ಲು

ಶಾಲೆಯ ಅಂಗಳದಲ್ಲಿ ಮುಗ್ಗರಿಸಿದ ಮಗುವಿನ ಬಾಚಿಹಲ್ಲು ಬೇರುಸಮೇತ ಕಿತ್ತು ಮಣ್ಣಿಗೆ ಬಿತ್ತೆನ್ನಿ. ಹತ್ತಿರವಿದ್ದ ದೊಡ್ಡವರು ಅದನ್ನೆತ್ತಿಕೊಂಡು ಮೊದಲು ಓಡುವುದು ನಲ್ಲಿಗೆ. ತಿಕ್ಕಿ ತೊಳೆದು, ಕರವಸ್ತ್ರದಲ್ಲಿ ಸುತ್ತಿ, ಆಮೇಲೆ ಡಾಕ್ಟರ ಬಳಿ. ಆ ಹಲ್ಲು ಉಳಿಯದಂತಾಗುವುದು ಬಹುತೇಕ ಈ ಕಾಳಜಿಯಿಂದಲೇ. ನಾನು ಹೇಳಹೊರಟಿದ್ದು ಬಿದ್ದ ಮೇಲಿನ ಕತೆ.

ಕಿತ್ತ ಹಲ್ಲನ್ನು ಮತ್ತೆ ಕೂರಿಸುವ ವಿದ್ಯೆ ಹಳೆಯದು. ಪ್ಯಾರಿಸ್ಸಿನ ದಂತವೈದ್ಯ ಪಿಯೇರ್ ಫೋಶಾರ್ 1728ರಲ್ಲಿಯೇ ಅದರ ಬಗ್ಗೆ ಬರೆದಿದ್ದಾನೆ. ಅದೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು, ಅಂಟಿಕೊಳ್ಳುತ್ತದೆಯೇ ಎಂದು ನೋಡಿದ. ಆಸಾಮಿ ಅಷ್ಟು ಕುತೂಹಲಿ. ಆದರೂ ಹಲ್ಲನ್ನು ಕುದಿಸಿ ಕೂರಿಸಿದರೆ ರೋಗ ಹೋಗುತ್ತದೆ ಎಂದು ಸಲಹೆ ಕೊಟ್ಟವನೂ ಅವನೇ. ಮುಂದೆ ಬಂದವರೂ ಬೇರನ್ನು ಕೆರೆದು, ಔಷಧಿಯಲ್ಲಿ ಅದ್ದಿ, ಮಡಿ ಮಾಡಿಯೇ ಕೂರಿಸಿದರು. ಹಲ್ಲು ಕೆಲವು ವರ್ಷ ಗಟ್ಟಿಯಾಗಿ ನಿಲ್ಲುತ್ತಿತ್ತು. ಆಮೇಲೆ ದವಡೆಯ ಮೂಳೆ ಬೇರನ್ನು ಮೆಲ್ಲಗೆ ಕರಗಿಸಿ ಆ ಜಾಗಕ್ಕೆ ತಾನೇ ತುಂಬಿಕೊಳ್ಳುತ್ತಿತ್ತು. ಕೆಲವರಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ. ಯಾಕೆಂದು ತಿಳಿಯದೆ ಅದೃಷ್ಟದ ಮೇಲೆ ಹಾಕುತ್ತಿದ್ದರು.

ಅದು ಅದೃಷ್ಟವಲ್ಲ, ಗಡಿಯಾರದ ಲೆಕ್ಕ ಎಂದು ತೋರಿಸಿದವರು ಡೆನ್ಮಾರ್ಕಿನ ಯೆನ್ಸ್ ಆಂಡ್ರಿಯಾಸೆನ್ ಮತ್ತು ಎರಿಕ್ ಯೊರ್ಟಿಂಗ್ ಹ್ಯಾನ್ಸೆನ್. ಅಪಘಾತದಲ್ಲಿ ಕಿತ್ತು ಮತ್ತೆ ಕೂರಿಸಿದ 110 ಹಲ್ಲುಗಳ ಎಕ್ಸ್‌ರೇಗಳನ್ನು ಅವರು ಪರಿಶೀಲಿಸಿ 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದ ಹಲ್ಲುಗಳಲ್ಲಿ ಶೇಕಡಾ 90ರಷ್ಟು ಬೇರು ಕರಗದೆ ಉಳಿದಿದ್ದವು. ಎರಡು ಗಂಟೆ ದಾಟಿದ ಮೇಲೆ ಕೂರಿಸಿದವುಗಳಲ್ಲಿ ಶೇಕಡಾ 95ರಷ್ಟರ ಬೇರು ಕರಗಿತ್ತು.

ಹಾಗಾದರೆ ಆ ಎರಡು ಗಂಟೆಯಲ್ಲಿ ಸಾಯುತ್ತಿದ್ದುದು ಏನು? ಹಲ್ಲಿನ ಗಟ್ಟಿ ಭಾಗವಂತೂ ಎಷ್ಟು ಹೊತ್ತಾದರೂ ಹಾಗೇ ಇರುತ್ತದೆ. ಸಾಯುತ್ತಿದ್ದುದು ಬೇರಿಗೆ ಅಂಟಿಕೊಂಡು ಬಂದ ಪೊರೆ. ಬೇರಿಗೂ ಮೂಳೆಗೂ ನಡುವಿನ ಸುಮಾರು 0.2 ಮಿಲಿಮೀಟರ್ ಸಂದಿನಲ್ಲಿ ನಾರುಗಳ ಒಂದು ಹಾಸು ಇದೆ. ನಾವು ಚಕ್ಕುಲಿ ಕಡಿಯುವಾಗ ಹಲ್ಲು ಮೂಳೆಗೆ ಗುದ್ದದಂತೆ ತಡೆಯುವುದು ಅದೇ. ಹಲ್ಲು ಕಿತ್ತಾಗ ಈ ಹಾಸು ಹರಿದು, ಒಂದು ಪಾಲು ಬೇರಿನ ಮೇಲೆ ತೆಳ್ಳಗೆ, ಲೋಳೆಯಂತೆ ಉಳಿಯುತ್ತದೆ. ಅದರ ಕೋಶಗಳು ಬದುಕಿದ್ದರೆ ಮತ್ತೆ ಹೆಣೆದುಕೊಂಡು ಬೇರನ್ನು ಕಾಯುತ್ತವೆ. ಸತ್ತರೆ ಮೂಳೆಗೆ ತಡೆಯೇ ಇಲ್ಲ. ಅಲ್ಲಿಗೆ ಇನ್ನೂರು ವರ್ಷ ವೈದ್ಯರು ಕೊಳೆಯೆಂದು ಕೆರೆದು ಬಿಸಾಡುತ್ತಿದ್ದುದು ಅಸಲಿ ಸರಕನ್ನೇ! 1977ರಲ್ಲಿ ಸೋಡೆರ್ ಮತ್ತು ಸಂಗಡಿಗರು, ಆಂಡ್ರಿಯಾಸೆನ್ ಕೂಡ ಅವರಲ್ಲೊಬ್ಬರು, ಹಲ್ಲುಗಳನ್ನು ಗಾಳಿಗೆ ಒಣಗಲು ಬಿಟ್ಟು ಕೋಶಗಳನ್ನು ಪರೀಕ್ಷಿಸಿದರು. ಎರಡು ಗಂಟೆ ಒಣಗಿದ ಬೇರಿನ ಮೇಲೆ ಜೀವಂತ ಕೋಶ ಉಳಿದಿರಲಿಲ್ಲ. ಎಕ್ಸ್‌ರೇ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು.

ಒಣಗಬಾರದು ಎಂದಾದರೆ ಯಾವುದರಲ್ಲಿ ಇಡಬೇಕು? ನೀರು ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಲವಣವಿಲ್ಲದಿರುವುದರಿಂದ ಕೋಶಗಳು ನೀರು ಹೀರಿ, ಉಬ್ಬಿ ಒಡೆಯುತ್ತವೆ. ಎಂಜಲೂ ತೆಳು, ಜೊತೆಗೆ ಬ್ಯಾಕ್ಟೀರಿಯಾಗಳ ಕಾಟ. 1980ರಲ್ಲಿ ಸ್ವೀಡನ್ನಿನ ಬ್ಲೊಮ್‌ಲೋಫ್ ಮತ್ತು ಒಟ್ಟೆಸ್ಕೋಗ್ ಈ ಪೊರೆಯ ಕೋಶಗಳನ್ನು ಎಂಜಲಿನಲ್ಲೂ ಹಾಲಿನಲ್ಲೂ ಇಟ್ಟು ಹೋಲಿಸಿದರು. ಗೆದ್ದದ್ದು ಹಾಲು. ಅದರ ಲವಣಾಂಶದ ಒತ್ತಡ ನಮ್ಮ ದೇಹದ್ರವಕ್ಕೆ ಹತ್ತಿರ, ಹುಳಿಯೂ ಇಲ್ಲ, ಪಾಶ್ಚರೀಕರಿಸಿದ ಹಾಲಿನಲ್ಲಿ ಬ್ಯಾಕ್ಟೀರಿಯಾವೂ ಕಡಿಮೆ. ಮೂರು ವರ್ಷದ ನಂತರ ಮಂಗಗಳ ಹಲ್ಲನ್ನು ಆರು ಗಂಟೆ ಹಾಲಿನಲ್ಲಿಟ್ಟು ಕೂರಿಸಿ ನೋಡಿದಾಗಲೂ ಫಲಿತಾಂಶ ಚೆನ್ನಾಗಿಯೇ ಬಂತು. ಪ್ರಯೋಗಾಲಯದ ದುಬಾರಿ ದ್ರಾವಣಗಳು ಹಾಲಿಗಿಂತ ಒಂದು ಕೈ ಮೇಲಿರಬಹುದು. ಆದರೆ ಶಾಲೆಯ ಪಕ್ಕದ ಅಂಗಡಿಯಲ್ಲಿ ಸಿಗುವುದು ಹಾಲೇ ತಾನೆ?

ನಮ್ಮ ಕಡೆಯವರು ಎಳನೀರನ್ನು ಬಿಟ್ಟಾರೆಯೇ! 2008ರಲ್ಲಿ ಚೆನ್ನೈನ ಗೋಪಿಕೃಷ್ಣ ಮತ್ತು ಸಹೋದ್ಯೋಗಿಗಳು ಎಳನೀರು ಹಾಲಿಗಿಂತ ಮೇಲು ಎಂದರು. ಮರುವರ್ಷ ಬ್ರೆಜಿಲ್ಲಿನವರು ಪರೀಕ್ಷಿಸಿದಾಗ ಹಾಲೇ ಮೇಲೆನಿಸಿತು. ಎಳನೀರಿನ ಹುಳಿ ಕೋಶಗಳಿಗೆ ಆಗುವುದಿಲ್ಲ ಎಂಬ ವಾದ ಹುಟ್ಟಿತು. ಸದ್ಯಕ್ಕೆ ನನ್ನ ಓಟು ಹಾಲಿಗೇ.

2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಹಾಲಿಗೆ ಮೇಲಿನ ಸ್ಥಾನವಿದೆ. ಆದರೆ ಅದರ ಮೊದಲ ಸಲಹೆಗೆ ಲೋಟವೇ ಬೇಡ. ಬೇರನ್ನು ಮುಟ್ಟದೆ ಹಲ್ಲಿನ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಹಗುರವಾಗಿ ತೊಳೆದು, ಇದ್ದ ಜಾಗಕ್ಕೇ ಕೂರಿಸಿ, ಮಗುವಿಗೆ ಕರವಸ್ತ್ರ ಕಚ್ಚಿಕೊಳ್ಳಲು ಹೇಳಿ ದಂತವೈದ್ಯರ ಬಳಿಗೆ ಹೊರಡಬೇಕು. ಇದೆಲ್ಲ ಶಾಶ್ವತ ಹಲ್ಲಿಗೆ ಮಾತ್ರ. ಹಾಲುಹಲ್ಲನ್ನು ಕೂರಿಸಿದರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾದೀತು. ಅದನ್ನು ಎಂದಿನಂತೆ ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಎಸೆಯಬಹುದು.