ರಾವ್ ಅವರ ಸ್ಕೋರ್ ಪರೀಕ್ಷೆ: ವಂಶವಾಹಿಯಿಂದ ಗಜನಿಯ ಸೂಕ್ಷ್ಮಾಣುವಿನವರೆಗೆ

ಭಟ್ಕಳದ ನವಾಯತರು, ಕುಮಟಾ ಮತ್ತು ಹೊನ್ನಾವರದ ಹಾಲಕ್ಕಿ ಒಕ್ಕಲಿಗರು, ಹವ್ಯಕರು ಒಂದೇ ಕರಾವಳಿಯಲ್ಲಿ ನೆಲೆಸಿದ್ದರೂ ತಲೆಮಾರುಗಳಿಂದ ಬಹುಮಟ್ಟಿಗೆ ತಮ್ಮ ತಮ್ಮೊಳಗೇ ಮದುವೆ ಸಂಬಂಧ ಬೆಳೆಸಿಕೊಂಡು ಬಂದವರಾದ್ದರಿಂದ, ವಂಶವಾಹಿಯ ಒಂದು ರೂಪಭೇದ ಒಂದು ಸಮುದಾಯದಲ್ಲಿ ಹೇರಳವಾಗಿಯೂ ನೆರೆಯ ಸಮುದಾಯದಲ್ಲಿ ವಿರಳವಾಗಿಯೂ ಇರುವುದು ಸಾಧ್ಯ. ಇಂಥ ಕಡೆ ಮಧುಮೇಹದ ವಂಶವಾಹಿಯನ್ನು ಹುಡುಕುವವರು ಎಲ್ಲರ ಮಾದರಿಗಳನ್ನೂ ಒಟ್ಟಾಗಿ ಎಣಿಸಿಬಿಟ್ಟರೆ, ಆಹಾರದಿಂದಲೋ ಕಸುಬಿನಿಂದಲೋ ರೋಗ ಹೆಚ್ಚಿರುವ ಸಮುದಾಯದಲ್ಲಿ ಸಹಜವಾಗಿ ಹೇರಳವಾಗಿರುವ, ರೋಗಕ್ಕೆ ಸಂಬಂಧವೇ ಇಲ್ಲದ ರೂಪಭೇದವೂ ರೋಗಕಾರಣವೆಂದೇ ತೋರುತ್ತದೆ. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 81 ಗುಂಪುಗಳ ಮೇಲೆ ಕೆಲವೇ ಪೂರ್ವಜರಿಂದ ಬೆಳೆದುಬಂದುದರ ಪ್ರಭಾವ ಫಿನ್‌ಲೆಂಡಿನ ಜನರಲ್ಲಿರುವುದಕ್ಕಿಂತಲೂ ತೀವ್ರವಾಗಿದೆಯೆಂದು ತೋರಿಸಿದ್ದರಿಂದ, ಈ ಎಚ್ಚರ ನಮ್ಮ ದೇಶದಲ್ಲಿ ಇನ್ನಷ್ಟು ಅಗತ್ಯ.

ಈ ತೊಡಕನ್ನು ಬಿಡಿಸುವ ಲೆಕ್ಕಾಚಾರದ ತಳಹದಿಯಲ್ಲಿ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರ ಚಿಂತನೆಯಿದೆ. ಸುಡಾನಿನ ಪ್ರಾಚೀನ ಅಸ್ಥಿಗಳನ್ನು ಸಂಖ್ಯಾಶಾಸ್ತ್ರದ ಮೂಲಕ ಹೋಲಿಸಲೆಂದು 1946ರಲ್ಲಿ ಕೇಂಬ್ರಿಜ್‌ಗೆ ಹೋದ ಅವರು, ಆರ್. ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತ, ಅವರ ತಳಿವಿಜ್ಞಾನ ಪ್ರಯೋಗಾಲಯದಲ್ಲಿ ಇಲಿಗಳ ವಂಶವಾಹಿಗಳ ಮೇಲೂ ಕೆಲಸ ಮಾಡಿ, 1948ರಲ್ಲಿ ಸ್ಕೋರ್ ಪರೀಕ್ಷೆಯನ್ನು ಪ್ರಕಟಿಸಿದರು. ವಂಶವಾಹಿಗೂ ರೋಗಕ್ಕೂ ಸಂಬಂಧವಿಲ್ಲವೆಂಬ ಶೂನ್ಯ ಪ್ರಾಕ್ಕಲ್ಪನೆಯಿಂದ ಹೊರಟು, ವಯಸ್ಸು, ಲಿಂಗ, ವಂಶಮೂಲಗಳಿಂದ ವಿವರಿಸಬಹುದಾದಷ್ಟನ್ನು ಒಮ್ಮೆ ಮಾತ್ರ ಲೆಕ್ಕ ಹಾಕಿ, ಉಳಿದ ವ್ಯತ್ಯಾಸವು ಪರೀಕ್ಷೆಗೊಳಗಾದ ರೂಪಭೇದದ ಕಡೆಗೆ ವಾಲುತ್ತದೆಯೇ ಎಂದು ನೋಡುವುದು ಇದರ ಕ್ರಮ. ಪ್ರತಿ ರೂಪಭೇದಕ್ಕೂ ಹೊಸದಾಗಿ ಪೂರ್ಣ ಲೆಕ್ಕ ಮಾಡಬೇಕಿಲ್ಲದ ಕಾರಣ, ಲಕ್ಷಾಂತರ ರೂಪಭೇದಗಳನ್ನು ಶೋಧಿಸುವ ಇಂದಿನ ಅಧ್ಯಯನಗಳಿಗೆ ಇದು ಹೇಳಿಮಾಡಿಸಿದಂತಿದೆ. ಗಣಕಯಂತ್ರಗಳು ಶೈಶವದಲ್ಲಿದ್ದ ಕಾಲದ ಸೂತ್ರವೊಂದು ಇಷ್ಟು ದೂರ ನಡೆದುಬಂದಿರುವುದು ನಿಜಕ್ಕೂ ಅಭಿಮಾನದ ಸಂಗತಿ. ವಿರಳ ರೂಪಭೇದಗಳನ್ನು ಗುಂಪಾಗಿ ಪರೀಕ್ಷಿಸಲು 2011ರಲ್ಲಿ ಬಂದ ‘ಸ್ಕ್ಯಾಟ್’, ಸೂಕ್ಷ್ಮಾಣು ಸಮುದಾಯಗಳಿಗಾಗಿ 2015ರಲ್ಲಿ ಬಂದ ‘ಮಿರ್‌ಕ್ಯಾಟ್’ ಎರಡೂ ಇದೇ ತತ್ತ್ವವನ್ನು ಆಧರಿಸಿವೆ.

ಸೂಕ್ಷ್ಮಾಣುಗಳ ಲೆಕ್ಕಕ್ಕೆ ಅದರದೇ ಆದ ತೊಡಕುಗಳಿವೆ. ಅಘನಾಶಿನಿಯ ಅಳಿವೆಯಲ್ಲಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ, ಉಪ್ಪು ತಾಳಬಲ್ಲ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಮಣ್ಣನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಡಿ.ಎನ್‌.ಎ. ಓದುವ ಯಂತ್ರ ತಿಳಿಸುವುದು ಪ್ರತಿ ಬ್ಯಾಕ್ಟೀರಿಯಾದ ಪಾಲನ್ನಷ್ಟೇ ಹೊರತು ಅದರ ನಿಜವಾದ ಸಂಖ್ಯೆಯನ್ನಲ್ಲ. ಉಪ್ಪುನೀರು ನುಗ್ಗಿ ಲವಣಪ್ರಿಯ ಜೀವಿಗಳು ಹೆಚ್ಚಿದರೆ, ಸಂಖ್ಯೆಯಲ್ಲಿ ಕುಗ್ಗದ ಉಳಿದವೂ ಕುಗ್ಗಿದಂತೆ ಕಾಣುತ್ತವೆ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಪಾಲುಗಳ ಬದಲು ಅವುಗಳ ಅನುಪಾತದ ಲಾಗರಿದಮ್ ಬಳಸುತ್ತಾರೆ. ವೈವಿಧ್ಯವನ್ನು ಅಳೆಯಲು ರಾವ್ ಅವರೇ 1982ರಲ್ಲಿ ಮಂಡಿಸಿದ ವರ್ಗ ಎಂಟ್ರೊಪಿಯೂ ಇದೆ: ಯಾದೃಚ್ಛಿಕವಾಗಿ ಆರಿಸಿದ ಎರಡು ಜೀವಿಗಳ ನಡುವಿನ ಸರಾಸರಿ ಭಿನ್ನತೆಯೇ ಅದು. ಹತ್ತು ನಿಕಟ ಬಂಧುಗಳಿರುವ ಮಣ್ಣಿಗಿಂತ ದೂರದ ವಂಶಗಳ ಹತ್ತು ಬ್ಯಾಕ್ಟೀರಿಯಾಗಳು ಸಮಪಾಲಿನಲ್ಲಿರುವ ಮಣ್ಣು, ಎಣಿಕೆ ಒಂದೇ ಆಗಿದ್ದರೂ, ಈ ಅಳತೆಯಲ್ಲಿ ಹೆಚ್ಚು ವೈವಿಧ್ಯಪೂರ್ಣವೆನಿಸುತ್ತದೆ.